ನೀನು ಮೊದಲು ಊರುವ ಕಾಲು

"ಲೇಸ್ ಕಟ್ಟೋಕೂ ಬಗ್ಗಕ್ಕಾಗಲ್ವೇನೋ? ಸಿಡಿಲು ಅಂತಿದ್ರಲ್ಲೋ ನಿನ್ನ... ಠುಸ್ ಪಟಾಕಿ ಆಗೋದ್ಯಲ್ಲ!"

ಶೂ ಅಂಗಡಿಯ ತುಂಬ ಗಿರಾಕಿಗಳಿದ್ದರು. ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಕಾಲು ಚಾಚಿ ಕೂತು, ಎಲ್ಲರಿಗೂ ಕೇಳಲಿ ಅಂತಲೇ ಹೇಳಿದ. ಕೆಲವರು ಕಿಸಕ್ಕೆಂದರು. ಇದೇ ಜನ ಒಂದು ಕಾಲಕ್ಕೆ ಈ ಲೇಸ್ ಕಟ್ಟುವವನ ಹೆಸರು ಕೂಗಿ ಕೂಗಿ ಗಂಟಲು ಹರಿದುಕೊಂಡವರು. ಥೂ!

ಅವನು ಬಲಗಾಲನ್ನು ಪಕ್ಕಕ್ಕೆ ಚಾಚಿ, ಎಡಮಂಡಿಯೊಂದನ್ನೇ ಊರಿ ಕೂತಿದ್ದ. ಇಡೀ ಗ್ಯಾಲರಿ ಎದ್ದು ನಿಲ್ಲುವಂತೆ ಗೋಲು ಹೊಡೆದ ಫಾರ್ವರ್ಡ್ ಈಗ ಅಕ್ಕನ ಅಂಗಡಿಯಲ್ಲಿ ಕಂಡವರ ಕಾಲಿಗೆ ಶೂ ತೊಡಿಸುತ್ತಿದ್ದ.

ಬಾಗಿಲಲ್ಲಿ ಇನ್ನೊಬ್ಬಳು ನಿಂತು ಇದನ್ನೆಲ್ಲ ನೋಡುತ್ತಿದ್ದಳು.

ಅವಳು ಅದೇ ಕ್ಲಬ್ಬಿನಲ್ಲಿ ಆಟಗಾರರ ನೋವು, ಪೆಟ್ಟು ನೋಡಿಕೊಳ್ಳುವ ಫಿಸಿಯೋ ಆಗಿದ್ದವಳು. ಆ ಬಲಮಂಡಿಯ ಒಂದೊಂದು ನೋವೂ ಅವಳ ಬೆರಳಿಗೆ ಗೊತ್ತು. ಕಳೆದ ಫೈನಲ್‌ನಿಂದ ಇಬ್ಬರೂ ಮುಖ ನೋಡಿರಲಿಲ್ಲ. ಇವತ್ತು ಹೇಗೋ ಧೈರ್ಯ ಮಾಡಿ ಬಂದರೆ... ಇದು!

"ಭಾನುವಾರ ಹಳೇ ಆಟಗಾರರ ಮ್ಯಾಚ್ ಇದೆ," ಮ್ಯಾನೇಜರ್ ಎದ್ದ. "ನಿನ್ನ ಹೆಸರಿಗೆ ಇನ್ನೂ ನಾಲ್ಕು ಟಿಕೆಟ್ ಖರ್ಚಾಗುತ್ತೆ. ಮಂಡಿಗೆ ಒಂದು ಇಂಜೆಕ್ಷನ್ ಚುಚ್ಚಿಸ್ಕೊಂಡ್ರೆ ಮುಗೀತು. ಗಂಡಸಾದ್ರೆ ಬಾ. ಇಲ್ಲಾಂದ್ರೆ ಇಲ್ಲೇ ಕಾಲು ಹಿಡ್ಕೊಂಡು ಬಿದ್ದಿರು!"

ಬೇಡ ಕಣೋ... ಉತ್ತರ ಕೊಡಬೇಡ... ಅವಳು ಒಳಗೊಳಗೇ ಬೇಡಿಕೊಂಡಳು.

ಆದರೆ ಬೈಸಿಕೊಂಡು ಸುಮ್ಮನಿರುವ ಆಸಾಮಿಯೇ ಅಲ್ಲ ಅವನು. ಎದುರಾಳಿ ಡಿಫೆಂಡರ್ ಒಂದು ಮಾತು ಅಂದರೆ ಸಾಕು, ಊದಿದ ಮಂಡಿಯಲ್ಲೇ ಓಡಿ, ಗೋಲು ಹೊಡೆದು, ಅವನ ಮುಖ ನೋಡಿ ನಗುತ್ತಿದ್ದ. ಮಂಡಿ ಸವೆದದ್ದೇ ಹಾಗೆ. ಅದು ಗೊತ್ತಿದ್ದೇ ಮ್ಯಾನೇಜರ್ ಕೆಣಕುತ್ತಿದ್ದ.

"ಬರ್ತೀನಿ ಕಣ್ರೀ! ಗೋಲು ಹೊಡೆದು ತೋರಿಸ್ತೀನಿ!"

ಮ್ಯಾನೇಜರ್ ನಗುತ್ತಾ ಹೊರಟುಹೋದ. ಅವನು ಕೌಂಟರ್ ಹಿಡಿದು ಎದ್ದ. ಆಗ ಅವಳು ಕಣ್ಣಿಗೆ ಬಿದ್ದಳು.

"ಓಹೋ, ಡಾಕ್ಟ್ರಮ್ಮ! ತಮಾಷೆ ನೋಡೋಕೆ ಬಂದ್ಯಾ?"

"ಇನ್ನೊಂದ್ಸಲ ಆ ಮಂಡಿ ತಿರುಚಿದ್ರೆ ಜೀವನ ಪೂರ್ತಿ ಊರುಗೋಲು. ನಿನಗೂ ಗೊತ್ತು."

"ಗೊತ್ತು! ಫೈನಲ್ ಹಿಂದಿನ ದಿನ, 'ಇವನ ಕೈಲಾಗಲ್ಲ, ಕಿತ್ತಾಕಿ' ಅಂತ ಮ್ಯಾನೇಜರ್ ಕಿವಿ ಊದಿದ್ದು ನೀನೇ ತಾನೇ?"

"ಹಾಗಂತ ಯಾರು..."

"ಅವರೇ ಹೇಳಿದ್ರು. ಹೋಗು ಇಲ್ಲಿಂದ!"

ಅವಳು ತಿರುಗಿ ಹೊರಟಳು. ಆ ಮನುಷ್ಯನ ಮಾತು ನಂಬಿದೆ... ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವಾ ನಿನಗೆ?

ರಸ್ತೆಯವರೆಗೂ ಅವನ ಅಕ್ಕ ಹಿಂದೆ ಓಡಿಬಂದಳು.

"ಬೇಜಾರಾಗ್ಬೇಡ ಕಣೇ. ತಲೇಲೇ ಗೋಲು ಹೊಡೆದೂ ಹೊಡೆದೂ ಒಳಗಿದ್ದದ್ದೆಲ್ಲ ಅಲ್ಲಾಡಿಹೋಗಿದೆ ಅವನಿಗೆ!"

ಇಬ್ಬರೂ ನಕ್ಕರು. ನಗುತ್ತಲೇ ಅಕ್ಕನ ಕಣ್ಣು ತುಂಬಿತು.

"ಮೆಟ್ಟಿಲು ಇಳಿಯುವಾಗ ಗೋಡೆ ಹಿಡ್ಕೋತಾನೆ. ನಾನು ನೋಡಿದ್ರೆ ಸಾಕು, ಕೈ ಬಿಟ್ಟು ನೆಟ್ಟಗೆ ನಡೀತಾನೆ. ಯಾರಿಗೂ ಗೊತ್ತಾಗಬಾರದು ಅವನ ನೋವು... ಭಾನುವಾರ ನೀನು ಬಾ. ನನ್ನ ಮಾತು ಅವನು ಕೇಳಲ್ಲ."

ಭಾನುವಾರ. ಡ್ರೆಸ್ಸಿಂಗ್ ರೂಮಿನಲ್ಲಿ ನೋವಿನ ಮುಲಾಮು, ಬೆವರಿನ ಸಾಕ್ಸ್... ಅದೇ ಹಳೆಯ ವಾಸನೆ. ಅವನು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಕ್ಲಬ್ಬಿನ ಹೊಸ ಫಿಸಿಯೋ ಸಿರಿಂಜ್ ತುಂಬುತ್ತಿದ್ದ. ಹಳೇ ಆಟಗಾರರೂ ಮ್ಯಾನೇಜರೂ ಸುತ್ತ ನಿಂತಿದ್ದರು.

ಅವಳನ್ನು ಕಂಡು ಅವನ ಮುಖ ಗಂಟಾಯಿತು. ಆಮೇಲೆ ಯಾಕೋ ದನಿ ಇಳಿಯಿತು.

"ಬಂದಿದೀಯಲ್ಲ... ನೀನೇ ಚುಚ್ಚು. ನಿನ್ನ ಕೈಯಾದ್ರೆ ನೋಯಲ್ಲ."

"ಇಲ್ಲ."

"ಅವತ್ತೂ ಇದೇ ಹಟ ಇವಳದ್ದು!" ಮ್ಯಾನೇಜರ್ ರೇಗಿದ. "ಇಂಜೆಕ್ಷನ್ ಕೊಟ್ಟು ಫೈನಲ್‌ಗೆ ಇಳಿಸು ಅಂದ್ರೆ, 'ನಿಮ್ಮ ಕಪ್‌ಗೋಸ್ಕರ ಅವನ ಕಾಲು ಮುರಿಯಲ್ಲ' ಅಂದ್ಲು! ಅದಕ್ಕೇ ಕೆಲಸದಿಂದ ಕಿತ್ತಾಕಿದ್ದು!"

ಅವನು ಮ್ಯಾನೇಜರನನ್ನೇ ನೋಡಿದ. ಆಮೇಲೆ ಅವಳನ್ನು.

"ನಿನ್ನ ಕೆಲಸ... ನನ್ನಿಂದ ಹೋಯ್ತಾ?"

"ಹೂಂ."

"ಯಾಕೆ ಹೇಳ್ಲಿಲ್ಲ?"

"ಫೋನ್ ಎತ್ತಿದ್ಯಾ ನೀನು? ಒಂದ್ಸಲ?"

ಅವನ ತಲೆ ತಗ್ಗಿತು. ಅವಳು ಬೆಂಚಿನ ಮುಂದೆ ಮಂಡಿಯೂರಿ, ಊದಿಕೊಂಡ ಆ ಮಂಡಿಯ ಮೇಲೆ ಕೈಯಿಟ್ಟಳು. ಎಲ್ಲರೂ ನೋಡುತ್ತಿದ್ದರು. ನೋಡಿಕೊಳ್ಳಲಿ!

"ನೀನು ಎಗರಿ ಗೋಲು ಹೊಡೆದಾಗ ಎಲ್ರೂ ಬಾಲ್ ನೋಡ್ತಿದ್ರು. ನಾನು ಮಾತ್ರ... ಕೆಳಗಿಳಿಯುವಾಗ ನೀನು ಯಾವ ಕಾಲು ಮೊದಲು ಊರ್ತೀಯ ಅಂತ ನೋಡ್ತಿದ್ದೆ. ಎಡಗಾಲು ಊರಿದ್ರೆ ಉಸಿರು ಬರ್ತಿತ್ತು ನನಗೆ. ಇದಕ್ಕೆ ಪ್ರೀತಿ ಅಂತಾರೋ ಹುಚ್ಚು ಅಂತಾರೋ, ನೀನೇ ಹೇಳು!"

ಅವನು ಅವಳ ಕೈ ಮೇಲೆ ತನ್ನ ಕೈಯಿಟ್ಟ.

"ನಾನು ಮುಗಿದುಹೋಗಿದೀನಿ, ಅಲ್ವಾ?"

"ಆಟ ಮುಗಿದಿದೆ."

"ಈಗ್ಲಾದ್ರೂ ಒಂದು ಸುಳ್ಳು ಹೇಳ್ಬಾರ್ದಾ..."

"ನಿನ್ನ ಹತ್ರ ಹೇಳೋಕೆ ಬರಲ್ಲ."

ಅವನು ಶೂ ಬಿಚ್ಚಿ ಬೆಂಚಿನ ಕೆಳಗೆ ತಳ್ಳಿದ. ಹಳೆಯ ಚಪ್ಪಲಿ ಮೆಟ್ಟಿದ.

"ಗೇಟಿಗೆ ಗ್ಯಾಲರಿ ಮುಂದೇನೇ ಹೋಗ್ಬೇಕು. ಕುಂಟೋದನ್ನ ಎಲ್ರೂ ನೋಡ್ತಾರೆ."

"ನಾನು ದಿನಾ ನೋಡ್ತಿದ್ನಲ್ಲ. ಏನಾಯ್ತು?"

"ಡಾಕ್ಟ್ರಮ್ಮಾ... ಭುಜ ಕೊಡ್ತೀಯಾ?"

"ಇಷ್ಟು ಕೇಳೋಕೆ ಇಷ್ಟು ದಿನ ಬೇಕಿತ್ತೇನೋ, ಮೊಂಡ!"

ಬಿಸಿಲಿಗೆ ಬಂದದ್ದೇ ತಡ, ಮ್ಯಾನೇಜರ್ ಬೆನ್ನಿಗೇ ಅರಚುತ್ತಾ ಬಂದ.

"ನೋಡ್ರೋ! ಸಿಡಿಲು ಓಡಿಹೋಗ್ತಿದೆ, ಹೆಂಗಸಿನ ಹೆಗಲು ಹಿಡ್ಕೊಂಡು! ಹೇಡಿ! ಏ ಕುಂಟ!"

ಗ್ಯಾಲರಿ ಹೋ ಎಂದಿತು. ಯಾರೋ ಸೀಟಿ ಹೊಡೆದರು.

ಅವನು ನಿಂತುಬಿಟ್ಟ. ಅವಳ ಭುಜದ ಮೇಲಿದ್ದ ಬೆರಳುಗಳು ಬಿಗಿದುಕೊಂಡವು. ಅವಳ ಉಸಿರು ನಿಂತಿತು... ತಿರುಗುತ್ತಾನೆ. ಇವನು ತಿರುಗದೇ ಇದ್ದದ್ದು ಯಾವತ್ತಿದೆ?

ಬೆರಳುಗಳು ನಿಧಾನಕ್ಕೆ ಸಡಿಲವಾದವು. ಅವಳ ಭುಜದ ಮೇಲೆ ಅವನ ಪೂರ್ತಿ ಭಾರ ಬಿತ್ತು.

ಅವನು ಎಡಗಾಲು ಮುಂದಿಟ್ಟ. ಬಲಗಾಲು ಎಳೆದುಕೊಂಡ. ಮತ್ತೆ ಎಡಗಾಲು... ಅಷ್ಟೂ ಕಣ್ಣುಗಳ ಮುಂದೆ ಕುಂಟುತ್ತಾ, ಒಂದು ಮಾತೂ ಆಡದೆ ಗೇಟಿನ ಕಡೆ ನಡೆದ.