ನಡುಗಾರ

ಗಾಜಿನ ಹಲಗೆಯ ಎಡತುದಿಯಲ್ಲಿ ದಾಸವಾಳದ ಮೊಗ್ಗು, ಬಲತುದಿಯಲ್ಲಿ ಅರಳಿದ ಹೂವು. ನೀಲಾಂಬಿಕಾ ಅವರ ಮನೆಯ ಪಡಸಾಲೆಯಲ್ಲಿ ಕುಳಿತು ಡಾ. ಪ್ರಫುಲ್ಲಾ ಹಾವನೂರ ಗುಂಡಿ ಒತ್ತಿದರು. ನಡುವಿನ ಖಾಲಿ ಜಾಗದಲ್ಲಿ ಹತ್ತು ಚಿತ್ರಗಳು ಒಂದರ ಹಿಂದೊಂದು ಮೂಡಿದವು. ಮರುಕ್ಷಣ ಹನ್ನೆರಡೂ ಒಂದೇ ಸೆಕೆಂಡಿನಲ್ಲಿ ಓಡಿ, ಮೊಗ್ಗು ಕಣ್ಣೆದುರೇ ಅರಳಿತು.

"ಅಯ್ಯ! ಇಷ್ಟಕ್ಕ ಇವರಿಗೆ ಇಡೀ ದಿನ ಹಿಡೀತಿತ್ತಲ್ರಿ!" ಎಂದರು ನೀಲಾಂಬಿಕಾ.

'ಇವರು' ಎಂದರೆ ಪಕ್ಕದ ಕುರ್ಚಿಯಲ್ಲಿದ್ದ ಅವರ ಗಂಡ ಗುರುಪಾದ ಕಮ್ಮಾರ. ಧಾರವಾಡದ ಅನಿಮೇಷನ್ ಸ್ಟುಡಿಯೋ ಒಂದರಲ್ಲಿ ಮೂವತ್ತು ವರ್ಷ ಚಿತ್ರ ಬರೆದವರು. ಎಂಟು ತಿಂಗಳ ಹಿಂದೆ, ಕೆಲಸದ ಮೇಜಿನ ಮುಂದೆಯೇ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ನಿಂತಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಎಡಗೈಯಿಂದ ಒರಟೊರಟಾಗಿ ಗೆರೆ ಎಳೆಯುತ್ತಿದ್ದರು, ಆದರೆ ಒಂದಕ್ಷರವೂ ಬಾಯಿಂದ ಹೊರಡುತ್ತಿರಲಿಲ್ಲ. ವರ್ಷದೊಳಗೆ ಒಂದಾದರೂ ಮಾತು ಬಾರದಿದ್ದರೆ ಆಮೇಲೆ ಕಷ್ಟ ಎಂದಿದ್ದರು ವೈದ್ಯರು. ಉಳಿದದ್ದು ನಾಲ್ಕೇ ತಿಂಗಳು.

ಅನಿಮೇಷನ್ ಚಿತ್ರ ಬರೆಯುವವರು ಒಂದು ಚಲನೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಮೊದಲು ಎರಡು ಮುಖ್ಯಚಿತ್ರ ಬರೆಯುತ್ತಾರೆ. ಅವುಗಳ ಮಧ್ಯೆ ತುಂಬುವಂಥವು ನಡುಚಿತ್ರಗಳು. ಹಿಂದಿನ ತಂತ್ರಾಂಶಗಳು ಗೆರೆಯನ್ನು ಹತ್ತಿರದ ದಾರಿಯಲ್ಲಿ ಎಳೆದೊಯ್ಯುತ್ತಿದ್ದುದರಿಂದ, ತಿರುಗುವ ತೋಳು ನಡುದಾರಿಯಲ್ಲಿ ಮಗುವಿನ ತೋಳಿನಷ್ಟು ಗಿಡ್ಡವಾಗಿಬಿಡುತ್ತಿತ್ತು. ಗಣಕವಿಜ್ಞಾನಿ ಪ್ರಫುಲ್ಲಾ ಕಟ್ಟಿದ 'ನಡುಗಾರ'ನಿಗೆ ಮೂಳೆ, ಕೀಲು, ಭಾರ ಎಲ್ಲ ಗೊತ್ತು. ಜೊತೆಗೆ ಒಂದು ಮಾತಿನ ಸೂಚನೆ ಕೊಟ್ಟರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಮಾತು ಕಳೆದುಕೊಂಡವರು ಎರಡು ಚಿತ್ರ ಬರೆದರೆ ಸಾಕು, ಉಳಿದದ್ದನ್ನು ಯಂತ್ರವೇ ಹೇಳಬಹುದಲ್ಲ ಎಂಬುದು ಆಕೆಯ ಆಸೆ.

ಗುರುಪಾದರಂತೂ ಎಂಟು ತಿಂಗಳಿಂದ ಬರೆಯುತ್ತಿದ್ದುದು ಎರಡೇ ಚಿತ್ರ. ಬಗಲಿಗೆ ಚೀಲ ಹಾಕಿಕೊಂಡು ಮನೆಯೊಳಗೆ ನಿಂತ ಮನುಷ್ಯ; ಅದೇ ಮನುಷ್ಯ ಗೇಟಿನಾಚೆ, ಮನೆಗೆ ಬೆನ್ನು ಹಾಕಿ.

"ಸ್ಟುಡಿಯೋಕ್ಕ ಹೋಗಬೇಕಂತಾರೇನೋ ಅಂತ ಒಮ್ಮೆ ಕರಕೊಂಡು ಹೋಗಿದ್ದೆ. ಗೋಣು ಅಲ್ಲಾಡಿಸಿ ಅತ್ತುಬಿಟ್ರು. ಏನ್ ಹೇಳತಾರ ಅಂತ ತಿಳೀದ ನನಗ ಹುಚ್ಚ ಹಿಡಿಯೂದು ಬಾಕಿ ಐತ್ರಿ, ಬಾಯಾರ."

ಪ್ರಫುಲ್ಲಾ ಎರಡೂ ಚಿತ್ರಗಳನ್ನು ಹಲಗೆಗೆ ಏರಿಸಿದರು. "ಈ ಮನುಷ್ಯಾ ಬಾಗಲದಾಗ ನಿಂತು ಏನಂತಾನ, ಅಕ್ಕಾರ?"

"ಮತ್ತೇನಂತಾರ್ರಿ? ಬರ್ತೀನಿ ಅಂತಾರ."

ಪ್ರಫುಲ್ಲಾ ಆ ಮಾತನ್ನೇ ನಡುಗಾರನಿಗೆ ಸೂಚನೆಯಾಗಿ ಕೊಟ್ಟರು. ನಮ್ಮಲ್ಲಿ ಹೋಗುವವರೇ 'ಬರ್ತೀನಿ' ಎನ್ನುವುದು. 'ಹೋಗ್ತೀನಿ' ಎಂದರೆ ಹಿರಿಯರು ಬಿಡ್ತು ಅನ್ನಿ ಎಂದು ಗದರುತ್ತಾರೆ. ಇದು ಮೂರು ವರ್ಷದ ಕೂಸಿಗೂ ಗೊತ್ತು. ನಡುಗಾರ ಪಾಪ ನಿಘಂಟು ಓದಿಕೊಂಡ ಪಂಡಿತ. ಬರುವುದೆಂದರೆ ಬರುವುದೇ ಎಂದು ತೀರ್ಮಾನಿಸಿ, ಕೊನೆಯ ಚಿತ್ರವನ್ನು ಮೊದಲು ಮಾಡಿಕೊಂಡ. ಗೇಟಿನಾಚೆಯ ಮನುಷ್ಯ ಬೆನ್ನು ಮುಂದಾಗಿ ಅಂಗಳ ದಾಟಿ, ಹೊಸ್ತಿಲು ಹತ್ತಿ, ಹಿಮ್ಮುಖವಾಗಿಯೇ ಠೀವಿಯಿಂದ ಮನೆಯೊಳಕ್ಕೆ ಬಂದ.

ನೀಲಾಂಬಿಕಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಗುರುಪಾದ ನಗಲಿಲ್ಲ. ಅವರ ಮುಖ ಕೆಂಪಾಯಿತು. ಮೂವತ್ತು ವರ್ಷದಲ್ಲಿ ಇಂಥ ಕೆಟ್ಟ ಕೆಲಸವನ್ನು ಅವರು ಕಂಡಿರಲಿಲ್ಲ. ಎಡಗೈಯಿಂದ ಮೇಜು ಗುದ್ದಿದರು.

"ಅಲ್ಲ!"

ನಗು ನಿಂತಿತು. ಪ್ರಫುಲ್ಲಾ ಯಂತ್ರದ ಕಡೆ ನೋಡಿದರು, ಯಂತ್ರಕ್ಕೆ ದನಿಯೇ ಇರಲಿಲ್ಲ.

ಗುರುಪಾದ ಲೇಖನಿ ಕಸಿದುಕೊಂಡು ನಡುಚಿತ್ರವನ್ನು ತಾವೇ ಬರೆದರು. ಹೊಸ್ತಿಲ ಮೇಲೆ ಅದೇ ಮನುಷ್ಯ, ಮುಖ ತಿರುವಿಕೊಂಡು, ತುಟಿ ಬಿಗಿದು. ಅಡುಗೆಮನೆ ಬಾಗಿಲಲ್ಲಿ ಅವನನ್ನೇ ನೋಡುತ್ತ ನಿಂತ ಹೆಂಗಸು.

ನೀಲಾಂಬಿಕಾ ಚಿತ್ರದ ಹೆಂಗಸನ್ನು ಬೆರಳಿನಿಂದ ಮುಟ್ಟಿದರು. "ಅವತ್ತ ಮುಂಜಾನೆ ನಮಗ ಜಗಳ ಆಗಿತ್ರಿ. ರೊಟ್ಟಿ ಸುಟ್ಟಿದ್ದು, ಅಷ್ಟ. ಬರ್ತೀನಿ ಅನ್ನದ ಹೋದ್ರು. ಮಧ್ಯಾಹ್ನ ಸ್ಟುಡಿಯೋದಿಂದ ಫೋನ್ ಬಂತು." ಗಂಡನ ಕೈ ಹಿಡಿದುಕೊಂಡರು. "ಇಷ್ಟ ದಿನ ಇದನ್ನ ಹೇಳಾಕತ್ತಿದ್ರೇನ್ರಿ? ನಾ ಅದನ್ನ ಆವಾಗನ ಮರ್ತೀನಿ." ಹಾಗೆನ್ನುತ್ತಲೇ ಅತ್ತರು. ಆಕೆ ಮರೆತಿರಲಿಲ್ಲ.

ಪ್ರಫುಲ್ಲಾಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ತನ್ನ ಯಂತ್ರ ಹೀಗೆ ಎಡವಬಹುದೇ? ಪ್ರಯೋಗಾಲಯದಲ್ಲಿ ಮೂರು ವಾರ ಕುಳಿತು ಇನ್ನೊಂದು ನಡುಗಾರನಿಗೆ ನಮ್ಮ ಜನರ ಆಡುಮಾತು, ರೀತಿ ರಿವಾಜು ಎಲ್ಲ ಕಲಿಸಿದರು. ಅಷ್ಟು ದಿನವೂ ಗುರುಪಾದ ಮನೆಯಲ್ಲೇ ಉಳಿದಿದ್ದ ಹಳೆಯ ನಡುಗಾರನೊಡನೆ ಜಗಳ ಕಾಯುತ್ತಿದ್ದರು. 'ಅಲ್ಲ' ಹೋಗಿ 'ಹಂಗಲ್ಲ' ಬಂತು, ಒಮ್ಮೆ 'ದಡ್ಡ' ಕೂಡ ಬಂತು.

ಹೊಸ ನಡುಗಾರ ಹಳೆಯವನ ಜಾಗಕ್ಕೆ ಬಂದ. ಅವೇ ಎರಡು ಚಿತ್ರ, ಅದೇ ಮಾತು. ಈ ಸಲ ಮನುಷ್ಯ ಹೊಸ್ತಿಲಲ್ಲಿ ಹಿಂದಿರುಗಿ ನೋಡಿದ, ತುಟಿ ಆಡಿಸಿದ, ಚೀಲ ಸರಿಮಾಡಿಕೊಂಡು ಗೇಟು ದಾಟಿದ. ಎಳ್ಳಷ್ಟೂ ತಪ್ಪಿಲ್ಲ. ಗುರುಪಾದ ಮೆಚ್ಚಿ ತಲೆದೂಗಿದರು. ಮಾತಾಡಲಿಲ್ಲ. ಮರುದಿನವೂ ತಲೆದೂಗಿದರು. ವಾರ ಕಳೆಯಿತು.

"ಬಾಯಾರ, ಸಿಟ್ಟಾಗಬ್ಯಾಡ್ರಿ," ಎಂದರು ನೀಲಾಂಬಿಕಾ. "ನಿಮ್ಮ ಯಂತ್ರ ಈಗ ಭಾಳ ಶಾಣ್ಯಾ ಆಗೇತಿ. ಎಲ್ಲಾ ಸರಿ ಮಾಡಿದ್ರ ಇವರು ಏನಂತ ಬಾಯಿ ಬಿಚ್ಚಬೇಕು? ಆ ದಡ್ಡನ್ನ ವಾಪಸ್ ಕೊಟ್ಟುಬಿಡ್ರಿ."

ಪ್ರಫುಲ್ಲಾ ತಲೆ ತಗ್ಗಿಸಿದರು. "ಅದನ್ನ ಅಳಿಸಿಬಿಟ್ಟೀನಿ, ಅಕ್ಕಾರ."

ಪ್ರಫುಲ್ಲಾ ಚೀಲ ಬಗಲಿಗೆ ಹಾಕಿಕೊಂಡು ಎದ್ದರು. ಮನಸ್ಸೆಲ್ಲ ಅಳಿಸಿಹೋದ ತಂತ್ರಾಂಶದ ಮೇಲಿತ್ತು. ಹೊಸ್ತಿಲಲ್ಲಿ ಬಾಯಿತಪ್ಪಿ, "ಹೋಗ್ತೀನ್ರಿ," ಎಂದುಬಿಟ್ಟರು.

ಹಿಂದೆ ಕುರ್ಚಿ ಕಿರ್ರೆಂದಿತು.

"ಅಲ್ಲ!" ಗುರುಪಾದರ ಎಡಗೈ ಬೆರಳು ಮೇಲಕ್ಕೆ ಎದ್ದಿತ್ತು. ತುಟಿ ಸೊಟ್ಟಗಾಗಿ ನಡುಗಿತು. "ಬ... ಬರ್... ಬರ್ತೀನಿ!"

ನೀಲಾಂಬಿಕಾ ಓಡಿಹೋಗಿ ಪ್ರಫುಲ್ಲಾರ ಚೀಲ ಹಿಡಿದು ಒಳಕ್ಕೆ ಎಳೆದರು.

"ಎಲ್ಲೀ ಹೊಂಟ್ರಿ? ಕುಂದರ್ರಿ ಬಾಯಾರ, ಚಾ ಇಡತೇನಿ. ಇನ್ನೊಮ್ಮೆ ತಪ್ಪು ಹೇಳ್ರಿ."