ರಾಣಿಯ ಕೆಳಗಿನ ತಾಟು

"ಆ ತಾಟು ಮುಟ್ಟಬ್ಯಾಡ್ರಿ!"

ಕಾರಿನ ಕೆಳಗೆ ತಲೆ ತೂರಿಸಿದ್ದ ಅಮೋಲ್ ಬೆಚ್ಚಿಬಿದ್ದ. ಹಣೆ ಬಂಪರಿಗೆ ಬಡಿಯಿತು. ಎದ್ದು ನೋಡಿದರೆ ಮನೆಯ ಮೆಟ್ಟಿಲ ಮೇಲೆ ಒಬ್ಬ ಹುಡುಗಿ. ಹೆಗಲಲ್ಲಿ ಬ್ಯಾಗು, ಕಣ್ಣಲ್ಲಿ ಬೆಂಕಿ!

"ಅಲ್ರೀ... ಎಣ್ಣಿ ಬಿದ್ದದ. ಚೆಲ್ಲಿ ಬರಬೇಕಂತ..."

"ಅದು ನನ್ನ ಕೆಲಸ. ನೀವು ಗಾಡಿ ನೋಡ್ರಿ, ಸಾಕು."

ಅವಳು ಸೌಂದರ್ಯಾ. ಹೈದರಾಬಾದಿನ ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುವವಳು. ಅವನು ಅಬಿಡ್ಸ್ ಹಿಂದಿನ ಶೆಡ್ಡಿನಲ್ಲಿ ಹಳೆಯ ಕಾರುಗಳಿಗೆ ಜೀವ ಕೊಡುವವನು. ಇಬ್ಬರ ನಡುವೆ ನಿಂತಿತ್ತು ಎಪ್ಪತ್ತು ವರ್ಷದ ಹಸಿರು ಬಣ್ಣದ ಬ್ರಿಟಿಷ್ ಕಾರು. ಮೇಲ್ಛಾವಣಿ ಮಡಚಿಟ್ಟರೆ ಆಕಾಶವೇ ಸೂರು.

ಇಂಥ ಕಾರು ಇಟ್ಟುಕೊಂಡವರ ಪ್ರೀತಿ ವಿಚಿತ್ರ. ಛಾವಣಿ ಹಾಕಿದರೂ ಮಳೆ ಒಳಗೇ ಬರುತ್ತದೆ, ತೆಗೆದರೆ ಹೈದರಾಬಾದಿನ ಬಿಸಿಲು ನೆತ್ತಿ ಸುಡುತ್ತದೆ. ಮಾರಿಬಿಡ್ತೀನಿ ಎಂದು ಆಣೆ ಮಾಡಿದವರೇ ಮುಂದಿನ ಭಾನುವಾರ ಅದನ್ನು ಒರೆಸುತ್ತ ಕೂತಿರುತ್ತಾರೆ. ಸೌಂದರ್ಯಾಳ ಅಪ್ಪ ಅಮರೇಶಪ್ಪನವರೂ ಅಂಥವರೇ.

ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಕಾರೇ ಲೋಕ. ಎಂಜಿನ್ ಸದಾ ಎಣ್ಣೆ ತೊಟ್ಟಿಕ್ಕುತ್ತಿತ್ತು. ಸಂಜೆ ಕೆಳಗೊಂದು ಹಳೆಯ ಅಲ್ಯೂಮಿನಿಯಂ ತಾಟು ಇಡುವರು, ಬೆಳಿಗ್ಗೆ ಎದ್ದು ಹನಿ ಎಣಿಸುವರು.

"ಇವತ್ತ ಮೂರು ಹನಿ! ನಮ್ಮ ರಾಣಿ ಆರಾಮ ಅದಾಳ!"

ಅಮ್ಮ ಉಮಾಬಾಯಿ ಆ ಕಾರನ್ನು 'ನನ್ನ ಸವತಿ' ಎನ್ನುತ್ತಿದ್ದಳು. ಸೌಂದರ್ಯಾಳಿಗೂ ಅದರ ಮೇಲೆ ಸಿಟ್ಟಿತ್ತು. ಈಗ ಅಪ್ಪ ಇಲ್ಲ. ಆ ಸಿಟ್ಟನ್ನು ಎಲ್ಲಿಡಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ.

ವರ್ಷದ ಪುಣ್ಯತಿಥಿಗೆ ಕಾರು ಒಮ್ಮೆಯಾದರೂ ಓಡಲಿ ಎಂದು ಅಮ್ಮನೇ ಅಮೋಲನನ್ನು ಕರೆಸಿದ್ದಳು. ಅವನು ದಿನಾ ಬೆಳಿಗ್ಗೆ ಸುಲ್ತಾನ್ ಬಜಾರಿನ ಆ ಗಲ್ಲಿಗೆ ಬರತೊಡಗಿದ. ಒಂದು ತಿಂಗಳಲ್ಲಿ ಸೌಂದರ್ಯಾಳ ಚಹಾ ಎರಡು ಕಪ್ ಆಯಿತು. ಬೈಗುಳ ಕಡಿಮೆಯಾಗಿ ನಗು ಬಂತು.

ಆದರೂ ಒಂದು ಅನುಮಾನ ಒಳಗೇ ಕೊರೆಯುತ್ತಿತ್ತು. ಅಪ್ಪ ಹೋದ ಹದಿನೈದನೇ ದಿನದಿಂದಲೇ ಕಾರುಪ್ರೇಮಿಗಳು ಬಾಗಿಲಿಗೆ ಬಂದಿದ್ದರು. 'ಗಾಡಿ ಕೊಡ್ತೀರೇನ್ರಿ?' ಇವನೂ ಅವರಲ್ಲೊಬ್ಬನಾಗಿದ್ದರೆ...?

ಒಂದು ದಿನ ಅಮೋಲ್ ಕಾರನ್ನು ಶೆಡ್ಡಿಗೆ ಎಳೆಸಿಕೊಂಡು ಹೋದ. ನಾಲ್ಕು ದಿನ ತಾಟು ಖಾಲಿ ನೆಲದ ಮೇಲಿತ್ತು. ಐದನೇ ಸಂಜೆ ಕಾರು ತಾನೇ ಓಡುತ್ತ ಮನೆಗೆ ಬಂತು. ಸೌಂದರ್ಯಾ ಎಂದಿನಂತೆ ಕೆಳಗೆ ತಾಟು ಸರಿಸಿದಳು.

ಬೆಳಿಗ್ಗೆ ಬಗ್ಗಿ ನೋಡಿದಳು. ತಾಟು ಒಣಗಿತ್ತು. ಒಂದು ಹನಿಯೂ ಇಲ್ಲ!

"ಎಂಜಿನ್ ಇಳಿಸಿ ಹೊಸಾ ಸೀಲ್ ಹಾಕೀನ್ರಿ," ಅಮೋಲ್ ಹೆಮ್ಮೆಯಿಂದ ಹೇಳಿದ. "ಇನ್ನ ಸೋರಂಗಿಲ್ಲ. ತಾಟು ಒಳಗಿಡ್ರಿ."

ಅವಳು ತಾಟನ್ನು ಎದೆಗವಚಿಕೊಂಡಳು.

"ಯಾರು ಹೇಳಿದ್ರು ನಿಮಗ? ಸೋರೋ ಗಾಡಿ ಯಾರೂ ತಗೊಳ್ಳಂಗಿಲ್ಲಂತ ಮಾರಾಕ ತಯಾರ ಮಾಡೀರೇನು? ಗಾಡಿ ಸಲುವಾಗೇ ಬಂದ್ರಲ್ಲಾ ನೀವೂ!"

ಅಮೋಲನ ಮುಖ ಬಿಳಚಿತು. ಕೀಲಿ ಕಟ್ಟೆಯ ಮೇಲಿಟ್ಟು ಹೊರಟೇಹೋದ.

ಒಳಗಿಂದ ಬಂದ ಅಮ್ಮ ಮಗಳ ಪಕ್ಕ ಕೂತಳು.

"ಆ ಹುಡುಗನ್ನ ಯಾಕ ಬೈದೆವ್ವಾ? ದಿನಾ ನೀ ಬಗ್ಗಿ ಎಣ್ಣಿ ಒರಸಕೋತ ಅಳೂದು ಅವಂಗ ನೋಡಾಕ ಆಗಲಿಲ್ಲ. 'ಅವರು ಇನ್ನ ಅಳಬಾರದ್ರೀ ಅಮ್ಮಾ' ಅಂತ ನನ್ನ ಕೇಳೇ ಮಾಡ್ಯಾನ."

ಸೌಂದರ್ಯಾ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿದಳು. ಫೋನ್ ಕೈಗೆತ್ತಿಕೊಂಡು ಎಷ್ಟೋ ಸಲ ಕೆಳಗಿಟ್ಟಳು. ಯಾವ ಮುಖ ಹೊತ್ತು ಮಾತಾಡಲಿ? ಆದರೂ ಸಂಜೆಯಾದರೆ ಕೈ ತಾನಾಗಿ ತಾಟಿನ ಕಡೆ ಹೋಗುತ್ತಿತ್ತು. ಬೆಳಿಗ್ಗೆ ನೋಡಿದರೆ ಅದೇ ಒಣ ತಾಟು. ಅಪ್ಪ ಎರಡನೇ ಸಲ ಹೋದಂತೆ ಅವಳು ಅತ್ತಳು.

ಒಂಬತ್ತನೇ ಬೆಳಿಗ್ಗೆ... ತಾಟಿನ ನಡುವೆ ಕಪ್ಪಗೆ ಏನೋ ಹೊಳೆಯಿತು.

ಒಂದು ಹನಿ!

ಈ ಸಲ ಫೋನ್ ಕೆಳಗಿಡಲಿಲ್ಲ. "ಅಮೋಲ್... ನಿಮ್ಮ ಕೆಲಸ ಸರಿ ಆಗಿಲ್ಲ ನೋಡ್ರಿ!" ಎಂದು ನಗುತ್ತಲೇ ಬಿಕ್ಕಿದಳು.

ಅರ್ಧ ತಾಸಿನಲ್ಲಿ ಅವನು ಬಂದ. ಕಾರಿನ ಕೆಳಗೆ ತೂರಿ, ನಾಚಿಕೊಂಡು ಎದ್ದ.

"ಎಂಜಿನ್ ಸೋರೋದು ಬಂದ್ ಮಾಡಿದ್ರ ಈಗ ಗೇರ್‌ಬಾಕ್ಸ್ ಶುರು ಮಾಡ್ಯದ. ಈ ಗಾಡಿ ಯಾರ ಮಾತೂ ಕೇಳಂಗಿಲ್ರಿ. ಇದನ್ನೂ ಬಂದ್ ಮಾಡ್ಲೇನು?"

"ಬ್ಯಾಡ್ರಿ..."

ಅವಳು ನೆಲದ ಮೇಲೆ ಕೂತಳು. ಯಾರಿಗೂ ಹೇಳದ ಮಾತು ಬಾಯಿಗೆ ಬಂತು.

"ಅಪ್ಪ ದವಾಖಾನ್ಯಾಗ ಒಂಬತ್ತು ದಿನ ಇದ್ರು. ಕಡೀ ದಿನ ಕೇಳಿದ್ರು, 'ತಾಟು ಇಟ್ಟಿಯೇನವ್ವಾ?' ಅಂತ. ನಾ ಇಟ್ಟಿರಲಿಲ್ಲ. ಆ ಗಾಡೀ ಮ್ಯಾಲೆ ಸಿಟ್ಟಿತ್ತು ನನಗ... 'ಇಟ್ಟೀನಪ್ಪಾ' ಅಂತ ಸುಳ್ಳು ಹೇಳಿದೆ. ಮನಿಗೆ ಬಂದ್ರ ನೆಲದ ತುಂಬ ಎಣ್ಣಿ. ಅವತ್ತಿಂದ ಒಂದಿನಾನೂ ಬಿಟ್ಟಿಲ್ಲ..."

ಅಮೋಲನೂ ಕೆಳಗೆ ಕೂತ.

"ನನಗ ಗೊತ್ತಿರಲಿಲ್ರೀ. ನಿಮ್ಮ ಅಳು ನಿಲ್ಲಸ್ಲಿಕ್ಕೆ ಹೋಗಿ ನಾನೇ ಅಳಸಿದೆ."

"ಖರೇ ಹೇಳ್ರಿ. ಗಾಡಿ ಬೇಕಿತ್ತೇನು ನಿಮಗ?"

"ಮೊದಲನೇ ವಾರ ಬೇಕಿತ್ತು. ಆಮ್ಯಾಲೆ... ಗಾಡಿ ದುರಸ್ತಿ ಆಗಬಾರದು ಅಂತ ದೇವರಿಗೆ ಬೇಡ್ಕೋತಿದ್ದೆ. ದುರಸ್ತಿ ಆದ್ರ ನಿಮ್ಮನ್ನ ನೋಡ್ಲಿಕ್ಕೆ ಯಾವ ನೆವ ಹೇಳಿ ಬರಲಿ?"

ಅವಳು ತಲೆ ತಗ್ಗಿಸಿದಳು. ಕಣ್ಣೀರು ತಾಟಿನ ಅಂಚಿಗೆ ಬಿತ್ತು. ಮೆಲ್ಲಗೆ ತಾಟನ್ನು ಗೇರ್‌ಬಾಕ್ಸಿನ ಕೆಳಗೆ ಸರಿಸಿದಳು.

"ಇಟ್ಟೀನಪ್ಪಾ..." ಎಂದಳು. ಈ ಸಲ ಸುಳ್ಳಾಗಿರಲಿಲ್ಲ.

ಎಣ್ಣೆ ಮೆತ್ತಿದ ಅವಳ ಬೆರಳನ್ನು ಅಮೋಲ್ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ನಾಳಿಂದ ನಾ ಇಡ್ಲೇನು?"

"ಒಂದಿನ ನೀವು, ಒಂದಿನ ನಾನು."

"ಹನಿ ಎಣಸೋದು?"

"ಅದು ಇಬ್ರೂ ಕೂಡೇ."