ಎಕ್ಸ್‌ಚೇಂಜ್‌ನಲ್ಲಿ ಬಂದ ಫೋನ್

ಹಳೆಯ ಫೋನ್ ಕೊಟ್ಟರೆ ಹೊಸದಕ್ಕೆ ಬೆಲೆ ಕಡಿಮೆ ಎಂದಿದ್ದಕ್ಕೆ, ಹೋದ ಶ್ರಾವಣದಲ್ಲಿ ನಾನು ಮತ್ತು ನನ್ನ ಗಂಡ ಉಮಾಶಂಕರ ಕೃಷ್ಣರಾಜನಗರದ ಅಂಗಡಿಯೊಂದರಲ್ಲಿ ಫೋನ್ ಬದಲಾಯಿಸಿಕೊಂಡೆವು. ಡಬ್ಬದ ಸೀಲನ್ನು ನನ್ನ ಕಣ್ಣೆದುರೇ ಒಡೆದರು.

ಮನೆಗೆ ಬಂದು ಆ್ಯಪ್‌ಗಳನ್ನು ಜೋಡಿಸಿದೆ. ಬ್ಯಾಂಕಿನವು ಒಂದು ಫೋಲ್ಡರ್‌ಗೆ, ಮಗಳ ಶಾಲೆಯವು ಇನ್ನೊಂದಕ್ಕೆ. ಅನ್ನ ಬಸಿದು ಬರುವಷ್ಟರಲ್ಲಿ ಎಲ್ಲವೂ ಒಂದೇ ಫೋಲ್ಡರ್‌ಗೆ ಸೇರಿದ್ದವು. ಅದರ ಮೇಲೆ ‘ಭದ್ರಮ್ಮ’ ಎಂದಿತ್ತು. ನಮ್ಮ ಕಡೆ ಆ ಹೆಸರಿನವರು ಯಾರೂ ಇಲ್ಲ. ಬೇರೆ ಮಾಡಿದೆ, ಮತ್ತೆ ಸೇರಿಕೊಂಡವು. ಜಿಡ್ಡಾಗಿದ್ದ ಪರದೆಯನ್ನು ಸೆರಗಿನಲ್ಲಿ ಒರೆಸಿದರೆ ಎಂಜಲಿನಂಥ ಲೋಳೆ ಎಳೆಎಳೆಯಾಗಿ ಬಂತು. ಕೈಯನ್ನು ಸೋಪು ಹಾಕಿ ಎಷ್ಟು ತಿಕ್ಕಿದರೂ ಹಳಸಿದ ವಾಸನೆ ಹೋಗಲಿಲ್ಲ. ಆ ಬೆರಳುಗಳಲ್ಲಿ ಅನ್ನ ಕಲಸಲಾರದೆ ತಟ್ಟೆ ಬಿಟ್ಟು ಎದ್ದೆ.

“ಒಂದ್ಸಲ ಮೂಸಿ ನೋಡ್ರೀ,” ಎಂದು ಫೋನನ್ನು ಗಂಡನ ಮುಂದೆ ಹಿಡಿದೆ.

ಅವರು ಮೂಸಿ ಮುಖ ತಿರುಗಿಸಿದರು. “ಥೂ, ಒಳಗೆ ಏನೋ ಸತ್ತೋಗೈತೆ ಕಣೆ. ವಾಪಸ್ ಕೊಟ್ಬುಡಾಣ.”

ಮರುದಿನ ಅಂಗಡಿಯ ಮಹೇಂದ್ರ ಮೂಗು ಮುಚ್ಚಿಕೊಂಡೇ ಫೋನಿನ ಬೆನ್ನು ಬಿಚ್ಚಿದ. ಬ್ಯಾಟರಿ ಇರಬೇಕಾದ ಜಾಗದಲ್ಲಿ ಒದ್ದೆಯಾದ ನರೆಗೂದಲು ಉಂಡೆ ಕಟ್ಟಿಕೊಂಡಿತ್ತು. ಅದನ್ನು ಇಕ್ಕಳದಲ್ಲಿ ಎಳೆದು ಹಾಕಿ, “ಅಕ್ಕ, ಇದ್ರಲ್ಲಿ ಬ್ಯಾಟ್ರಿನೇ ಇಲ್ಲ,” ಎಂದ. ಅವನ ಕೈಯಲ್ಲಿ ಪರದೆ ಇನ್ನೂ ಬೆಳಗುತ್ತಲೇ ಇತ್ತು.